ಅರಸನಿಲ್ಲದ ನಾಡಿನಲ್ಲಿ ಕೊಲೆಯಾದರೆ ಯಾರನ್ನು ಕೇಳಬೇಕು?

'ಅರಾಜಕತೆ' ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಉರಿಯುವ ಬಸ್ಸು, ಒಡೆದ ಅಂಗಡಿ, ಕಲ್ಲು ತೂರುವ ಗುಂಪು. ಆದರೆ ಪದವನ್ನು ಬಿಡಿಸಿ ನೋಡಿದರೆ ಅದರ ಅರ್ಥ ರಾಜ ಇಲ್ಲದ ಸ್ಥಿತಿ, ಅಷ್ಟೇ. ರಾಜ ಇಲ್ಲದ ಕಡೆ ಗಲಭೆ ಇದ್ದೇ ಇರುತ್ತದೆ ಎಂದು ನಾವು ಎಷ್ಟು ಗಟ್ಟಿಯಾಗಿ ನಂಬಿದ್ದೇವೆ ಅಂದರೆ, ಎರಡಕ್ಕೂ ಒಂದೇ ಪದ ಸಾಕಾಗಿದೆ.

ಈ ನಂಬಿಕೆ ಬಹಳ ಹಳೆಯದು. ದಂಡ ಹಿಡಿದವನು ಇಲ್ಲದಿದ್ದರೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ ಎಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ಅದಕ್ಕೆ ಮತ್ಸ್ಯನ್ಯಾಯ ಎಂದೇ ಹೆಸರು. 8ನೇ ಶತಮಾನದ ಬಂಗಾಳದಲ್ಲಿ ಈ ಮತ್ಸ್ಯನ್ಯಾಯಕ್ಕೆ ಕೊನೆ ಹಾಡಲು ಗೋಪಾಲ ಎಂಬವನನ್ನು ಅರಸನನ್ನಾಗಿ ಆರಿಸಿದರು ಎಂದು ಖಾಲಿಂಪುರದ ತಾಮ್ರಶಾಸನ ಹೇಳುತ್ತದೆ. ಪಾಲ ವಂಶ ಶುರುವಾದದ್ದು ಅವನಿಂದ. ಅರಸನಿಲ್ಲದೆ ಬದುಕಿ ಬೇಸತ್ತವರು ಅರಸನನ್ನು ತಾವೇ ಹುಡುಕಿಕೊಂಡರು ಎಂಬುದು ಈ ಶಾಸನದ ಕಥೆ.

ಹಾಗಾದರೆ ಸರ್ಕಾರವೇ ಇಲ್ಲದ ಸಮಾಜ ನಡೆಯುವುದೇ ಇಲ್ಲವಾ? ಇದನ್ನು ಸುಮ್ನೆ ಕಲ್ಪನೆಯಲ್ಲಿ ವಾದ ಮಾಡಬೇಕಿಲ್ಲ. ಸುಮಾರು 330 ವರ್ಷ ಹಾಗೆ ನಡೆದ ಒಂದು ನಾಡು ಇತ್ತು. ಅದರ ಕಾನೂನುಗಳು, ಅದರ ಜಗಳಗಳು ಇವತ್ತಿಗೂ ಬರಹದಲ್ಲಿ ಉಳಿದಿವೆ.

ಆ ನಾಡು ಐಸ್‌ಲ್ಯಾಂಡ್. 9ನೇ ಶತಮಾನದ ಕೊನೆಯ ಭಾಗದಲ್ಲಿ ನಾರ್ವೆಯಿಂದಲೂ ಬ್ರಿಟಿಷ್ ದ್ವೀಪಗಳ ಕಡೆಯಿಂದಲೂ ಜನ ದೋಣಿಗಳಲ್ಲಿ ಬಂದು ಅಲ್ಲಿ ನೆಲೆಸಿದರು. ನಾರ್ವೆಯಲ್ಲಿ ಆಗ ರಾಜರು ಬಲಿಯುತ್ತಿದ್ದರು. ಹೊಸ ನಾಡಿನಲ್ಲಿ ಅಂಥದ್ದು ಬೇಡ ಎಂದುಕೊಂಡರು. 930ರ ಸುಮಾರಿಗೆ ಥಿಂಗ್‌ವೆಲ್ಲಿರ್ ಎಂಬ ಬಯಲಿನಲ್ಲಿ ಎಲ್ಲರೂ ಸೇರುವ ಸಭೆಯೊಂದನ್ನು ಕಟ್ಟಿಕೊಂಡರು. ಅದರ ಹೆಸರು ಆಲ್ಥಿಂಗ್. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಸುಮಾರು ಎರಡು ವಾರ ಅಲ್ಲಿ ಕಾನೂನು ಮಾಡುತ್ತಿದ್ದರು, ದಾವೆ ನಡೆಸುತ್ತಿದ್ದರು, ಮದುವೆ ಮಾತುಕತೆಯೂ ಆಗುತ್ತಿತ್ತು. ನಮ್ಮ ಜಾತ್ರೆಯ ಹಾಗೆಯೇ.

ಅಲ್ಲಿ ಕಾನೂನು ಇತ್ತು. ನ್ಯಾಯಾಲಯ ಇತ್ತು. ಇಲ್ಲದ್ದು ರಾಜ, ಸೈನ್ಯ, ಪೊಲೀಸ್, ಜೈಲು. ಇಡೀ ನಾಡಿಗೆ ಸಂಬಳ ಪಡೆಯುವ ಹುದ್ದೆ ಒಂದೇ ಒಂದು: ಕಾನೂನು ಹೇಳುವವನು. ಕಾನೂನು ಆಗ ಪುಸ್ತಕದಲ್ಲಿರಲಿಲ್ಲ, ಅವನ ನೆನಪಿನಲ್ಲಿತ್ತು. ಬಂಡೆಯ ಮೇಲೆ ನಿಂತು ವರ್ಷಕ್ಕೆ ಮೂರರಲ್ಲೊಂದು ಭಾಗದಂತೆ, ಮೂರು ವರ್ಷದಲ್ಲಿ ಇಡೀ ಕಾನೂನನ್ನು ಅವನು ಬಾಯಿಪಾಠ ಒಪ್ಪಿಸುತ್ತಿದ್ದ. ಅದು ಬರಹಕ್ಕೆ ಇಳಿದದ್ದು 1117ರ ಚಳಿಗಾಲದಲ್ಲಿ.

ಈಗ ಒಂದು ಪ್ರಕರಣ ಹಿಡಿದು ಹೋಗೋಣ. ನೀವು ಅಲ್ಲಿನ ರೈತರು. ನಿಮ್ಮ ಅಣ್ಣನನ್ನು ಪಕ್ಕದ ಕಣಿವೆಯವನೊಬ್ಬ ಕೊಂದ. ದೂರು ಕೊಡಲು ಠಾಣೆ ಇಲ್ಲ. ಏನು ಮಾಡುತ್ತೀರಿ?

ಮೊದಲ ಕೆಲಸ ಕೊಂದವನದ್ದೇ. ಕೊಂದ ಮೇಲೆ ಹತ್ತಿರದ ಮನೆಗೆ ಹೋಗಿ "ನಾನು ಕೊಂದೆ" ಎಂದು ಅವನು ಸಾರಬೇಕು. ಸತ್ತವನ ನೆಂಟರ ಮನೆಯಾದರೆ ಅದನ್ನು ದಾಟಿ ಮುಂದಿನ ಮನೆಗೆ ಹೋಗಬಹುದು. ಮುಚ್ಚಿಟ್ಟರೆ ಅದು ಇನ್ನೂ ನೀಚವಾದ ಅಪರಾಧ. ಈ ಒಂದು ನಿಯಮದ ಹಿಂದೆ ಎಷ್ಟು ತಿಳಿವಳಿಕೆ ಇದೆ ನೋಡಿ. ಪತ್ತೆದಾರರಿಲ್ಲದ ನಾಡಿನಲ್ಲಿ ಪತ್ತೆಯ ಕೆಲಸವನ್ನು ಕೊಂದವನ ಮಾನದ ಮೇಲೆಯೇ ಹೊರಿಸಿದ್ದರು.

ಆಮೇಲೆ ನೀವು ಅಕ್ಕಪಕ್ಕದವರನ್ನು ಸಾಕ್ಷಿಗೆ ಕರೆದುಕೊಂಡು ಅವನ ಮನೆಗೆ ಹೋಗಿ ಸಭೆಗೆ ಬರುವಂತೆ ಕರೆ ಕೊಡಬೇಕು. ಸಭೆಯಲ್ಲಿ ತೀರ್ಪು ಕೊಡುವವರೂ ರೈತರೇ. ಬಹಳ ಸಲ ತೀರ್ಪಿಗೆ ಮುಂಚೆಯೇ ಮಧ್ಯಸ್ಥರು ಕೂತು ರಾಜಿ ಮಾಡಿಸುತ್ತಿದ್ದರು. ಕೊಂದವನು ಸತ್ತವನ ಬಳಗಕ್ಕೆ ಬೆಳ್ಳಿಯ ಲೆಕ್ಕದಲ್ಲಿ ಪರಿಹಾರ ಕಟ್ಟಬೇಕು. ದೊಡ್ಡ ತಪ್ಪಾದರೆ ಬಹಿಷ್ಕಾರ. ಸಣ್ಣ ಬಹಿಷ್ಕಾರ ಅಂದರೆ ಮೂರು ವರ್ಷ ನಾಡು ಬಿಟ್ಟಿರಬೇಕು. ಪೂರ್ಣ ಬಹಿಷ್ಕಾರ ಅಂದರೆ ಅವನಿಗೆ ಯಾರೂ ಅನ್ನ ಹಾಕುವಂತಿಲ್ಲ, ಮನೆಯೊಳಗೆ ಬಿಡುವಂತಿಲ್ಲ, ದೋಣಿ ಹತ್ತಿಸುವಂತಿಲ್ಲ. ಯಾರಾದರೂ ಅವನನ್ನು ಕೊಂದರೆ ಅದು ಅಪರಾಧವಲ್ಲ.

ತೀರ್ಪು ಬಂತು. ಜಾರಿ ಮಾಡುವವರು ಯಾರು? ನೀವೇ. ಇಡೀ ವ್ಯವಸ್ಥೆಯ ಸೂಕ್ಷ್ಮ ಜಾಗ ಇದು. ಗೆದ್ದವನು ತಾನೇ ಹೋಗಿ ವಸೂಲಿ ಮಾಡಬೇಕು. ನಿಮಗೆ ಬಲ ಇಲ್ಲವಾ? ಅದಕ್ಕೂ ಒಂದು ದಾರಿ ಇತ್ತು. ನಿಮ್ಮ ದಾವೆಯನ್ನು ಬಲವಿರುವ ಇನ್ನೊಬ್ಬನಿಗೆ ವಹಿಸಿಕೊಡಬಹುದು, ಮಾರಲೂಬಹುದು. ಸಿಗುವ ಪರಿಹಾರದಲ್ಲಿ ಪಾಲು ಕಾಣುತ್ತದೆ ಎಂದು ಬಲಶಾಲಿಯೊಬ್ಬ ಬಡವನ ದಾವೆ ಎತ್ತಿಕೊಳ್ಳುತ್ತಿದ್ದ.

ಇಂಥ ಬಲಶಾಲಿಗಳಿಗೆ ಗೋಥಿ ಎನ್ನುತ್ತಿದ್ದರು. ನಾವು ಮುಖಂಡ ಅನ್ನೋಣ. 10ನೇ ಶತಮಾನದ ಕೊನೆಯ ಹೊತ್ತಿಗೆ ಅವರ ಸಂಖ್ಯೆ 39. ಪ್ರತಿ ರೈತನೂ ಯಾರಾದರೂ ಒಬ್ಬ ಮುಖಂಡನ ಕಡೆಯವನಾಗಿರಬೇಕಿತ್ತು. ಆದರೆ ಮುಖಂಡ ತನ್ನ ಸುತ್ತಲಿನ ನೆಲಕ್ಕೆ ಒಡೆಯನಾಗಿರಲಿಲ್ಲ. ರೈತನಿಗೆ ಅವನು ಸರಿಬರಲಿಲ್ಲ ಅಂದರೆ, ತನ್ನ ಹೊಲ ಮನೆ ಬಿಡದೆಯೇ, ಇನ್ನೊಬ್ಬ ಮುಖಂಡನ ಕಡೆ ಸೇರಿಕೊಳ್ಳುವ ಹಕ್ಕು ಕಾನೂನಿನಲ್ಲಿತ್ತು. ನಾವು ಸಿಮ್ ಬದಲಿಸುವಂತೆ ಅಂದರೆ ತೀರಾ ಹಗುರವಾಗಬಹುದು, ಆದರೆ ಲೆಕ್ಕ ಅದೇ. ಜಾಸ್ತಿ ಕಾಡಿದರೆ ಜನ ಬಿಟ್ಟು ಹೋಗುತ್ತಾರೆ. ಜನ ಹೋದರೆ ಮುಖಂಡನ ಬಲವೂ ಹೋಗುತ್ತದೆ.

ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಇದು. ಅಲ್ಲಿ ಶಾಂತಿ ಇದ್ದದ್ದು ಜನ ಒಳ್ಳೆಯವರಾಗಿದ್ದರು ಎಂದಲ್ಲ. ಬಲ ಒಂದೇ ಕಡೆ ಗುಡ್ಡೆಯಾಗದಂತೆ ಹರಡಿಕೊಂಡಿತ್ತು, ಬಿಟ್ಟು ಹೋಗುವ ದಾರಿ ತೆರೆದಿತ್ತು. ಅದಕ್ಕೇ ನಡೆಯಿತು.

ಬಡವರ ಗತಿ ಏನು ಎಂದು ಕೇಳಬಹುದು. ಅದಕ್ಕೆ ರೈತರ ಕೂಟಗಳಿದ್ದವು. ಒಂದೊಂದರಲ್ಲಿ ಕನಿಷ್ಠ 20 ರೈತರು. ಮನೆಗೆ ಬೆಂಕಿ ಬಿದ್ದರೆ, ದನಗಳಿಗೆ ರೋಗ ಬಂದು ಕೊಟ್ಟಿಗೆ ಖಾಲಿಯಾದರೆ, ಕೂಟದವರೆಲ್ಲ ಸೇರಿ ನಷ್ಟದ ಒಂದು ಪಾಲು ತುಂಬಿಕೊಡುತ್ತಿದ್ದರು. ದಿಕ್ಕಿಲ್ಲದವರ ಪೋಷಣೆಯೂ ಕೂಟದ್ದೇ. ಹೆಸರು ಬೇರೆ ಇರಬಹುದು, ಇದು ವಿಮೆಯೇ ಅಲ್ವಾ?

ಈ ನಾಡು ಎದುರಿಸಿದ ದೊಡ್ಡ ಪರೀಕ್ಷೆ ಧರ್ಮದ್ದು. 1000ನೇ ಇಸವಿಯ ಹೊತ್ತಿಗೆ ಒಂದಷ್ಟು ಜನ ಕ್ರೈಸ್ತರಾಗುತ್ತಿದ್ದರು, ಉಳಿದವರು ಹಳೆಯ ದೇವರುಗಳನ್ನು ಬಿಡಲೊಲ್ಲರು. ಆಲ್ಥಿಂಗ್‌ನಲ್ಲಿ ಎರಡೂ ಕಡೆಯವರು "ಇನ್ನು ನಿಮ್ಮ ಕಾನೂನು ನಿಮಗೆ, ನಮ್ಮದು ನಮಗೆ" ಎಂದು ಬೇರೆಯಾಗುವ ಹಂತಕ್ಕೆ ಬಂದರು. ಆಗ ಕಾನೂನು ಹೇಳುವವನಾಗಿದ್ದ ಥೋರ್ಗೇರ್‌ಗೆ ತೀರ್ಮಾನ ಬಿಟ್ಟರು. ಅವನು ಹಳೆಯ ದೇವರುಗಳ ಕಡೆಯವನು. ಹೊದಿಕೆ ಎಳೆದುಕೊಂಡು ಒಂದು ಹಗಲು ಒಂದು ರಾತ್ರಿ ಯಾರೊಡನೆಯೂ ಮಾತಾಡದೆ ಮಲಗಿದ. ಎದ್ದು ಬಂದು ಹೇಳಿದ: ಕಾನೂನು ಹರಿದರೆ ಶಾಂತಿಯೂ ಹರಿಯುತ್ತದೆ, ಆದ್ದರಿಂದ ಎಲ್ಲರೂ ಕ್ರೈಸ್ತರಾಗೋಣ. ಹಳೆಯ ಕಡೆಯವರಿಗೆ ಕೆಲವು ರಿಯಾಯಿತಿ ಸಿಕ್ಕಿತು. ಕುದುರೆ ಮಾಂಸ ತಿನ್ನಬಹುದು, ಗುಟ್ಟಾಗಿ ಬಲಿ ಕೊಡಬಹುದು. ಬೇಡದ ಹಸುಗೂಸನ್ನು ಹೊರಗೆ ಬಿಟ್ಟುಬರುವ ಕ್ರೂರ ಪದ್ಧತಿಗೂ ಆಗ ಅನುಮತಿ ಉಳಿಯಿತು. ಕೆಲವು ವರ್ಷಗಳ ನಂತರ ಈ ರಿಯಾಯಿತಿಗಳು ರದ್ದಾದವು. ಹಿಂದೆ ಸೈನ್ಯವಿಲ್ಲದ ಒಬ್ಬ ಮನುಷ್ಯ, ತನ್ನ ದೇವರುಗಳ ವಿರುದ್ಧವೇ ತೀರ್ಪು ಕೊಟ್ಟ. ನಾಡು ಕೇಳಿತು. ಇದನ್ನು ಓದುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಹಾಗಾದರೆ ಇಂಥ ನಾಡು ಮುರಿದದ್ದು ಹೇಗೆ?

ಹೊರಗಿನಿಂದ ಯಾರೂ ಬಂದು ಗೆಲ್ಲಲಿಲ್ಲ. 1096ರ ಸುಮಾರಿಗೆ ಚರ್ಚಿನ ತೆರಿಗೆ ಜಾರಿಗೆ ಬಂತು. ಪ್ರತಿಯೊಬ್ಬರ ಆಸ್ತಿಗೆ ತಕ್ಕಂತೆ ಲೆಕ್ಕ. ಅದರಲ್ಲಿ ನಾಲ್ಕು ಪಾಲು: ಬಿಷಪ್‌ಗೆ, ಪಾದ್ರಿಗೆ, ಚರ್ಚ್ ಕಟ್ಟಡಕ್ಕೆ, ಬಡವರಿಗೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಬಹಳಷ್ಟು ಚರ್ಚುಗಳು ಮುಖಂಡರ ಜಮೀನಿನಲ್ಲೇ ಇದ್ದವು, ಅವರೇ ಕಟ್ಟಿಸಿದ್ದವು. ಪಾದ್ರಿಯ ಪಾಲು, ಕಟ್ಟಡದ ಪಾಲು ಎರಡೂ ನೇರ ಅವರ ಕೈಗೆ ಬಂತು. ಮುಖಂಡನನ್ನು ಬಿಟ್ಟು ಹೋಗಬಹುದಿತ್ತು, ಈ ತೆರಿಗೆಯನ್ನು ಬಿಟ್ಟು ಹೋಗುವಂತಿರಲಿಲ್ಲ. ಜನ ಜೊತೆಗಿರಲಿ ಬಿಡಲಿ, ಹಣ ಬರುತ್ತಿತ್ತು. ಮುಖಂಡಿಕೆಯನ್ನು ಕೊಳ್ಳಬಹುದು ಮಾರಬಹುದು ಎಂಬ ನಿಯಮ ಮೊದಲಿನಿಂದಲೂ ಇತ್ತು. ಹಣವಿದ್ದವರು ಒಂದೊಂದಾಗಿ ಕೊಂಡರು, ಮದುವೆಯಿಂದಲೂ ಬೆದರಿಕೆಯಿಂದಲೂ ಕೂಡಿಸಿಕೊಂಡರು. 1220ರ ಹೊತ್ತಿಗೆ ಹೆಚ್ಚುಕಡಿಮೆ ಇಡೀ ನಾಡು ಐದಾರು ಮನೆತನಗಳ ಕೈಯಲ್ಲಿತ್ತು.

ಆಮೇಲಿನ ನಲವತ್ತು ವರ್ಷ ರಕ್ತಪಾತ. 1238ರಲ್ಲಿ ಓರ್ಲಿಗ್ಸ್‌ಸ್ಟಾಡಿರ್‌ನಲ್ಲಿ ಎರಡೂ ಕಡೆ ಸೇರಿ ಸುಮಾರು 3,000 ಜನ ಎದುರುಬದುರಾದರು. 1241ರಲ್ಲಿ ಕವಿಯೂ ಇತಿಹಾಸಕಾರನೂ ಎರಡು ಸಲ ಕಾನೂನು ಹೇಳುವವನೂ ಆಗಿದ್ದ ಸ್ನೋರಿ ಸ್ಟರ್ಲುಸನ್‌ನನ್ನು ಅವನ ಮನೆಯ ನೆಲಮಾಳಿಗೆಯಲ್ಲೇ ಕೊಂದರು. ನಾರ್ವೆಯ ರಾಜ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತಿದ್ದ. ಕೊನೆಗೆ ಸಾಕಾಗಿ, 1262 ಮತ್ತು 1264ರ ನಡುವೆ, ಒಂದೊಂದು ಭಾಗದವರೂ ಅದೇ ನಾರ್ವೆಯ ರಾಜನಿಗೆ ಕಪ್ಪ ಕೊಡಲು ಒಪ್ಪಿದರು. ಬಂಗಾಳದಲ್ಲಿ ಗೋಪಾಲನನ್ನು ಆರಿಸಿದ ಜನರ ಸ್ಥಿತಿಗೇ ಇವರೂ ಬಂದು ನಿಂತರು.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಈ 330 ವರ್ಷವನ್ನು ಹೊಗಳುವವರು ರೈತ ಅಂದಾಗ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಮನೆ, ದನ, ಬಳಗ ಇದ್ದ ಗಂಡಸನ್ನು. 1100ರ ಸುಮಾರಿಗೆ ಸಭೆಯ ಖರ್ಚಿಗೆ ಹಣ ಕಟ್ಟುವಷ್ಟು ಸ್ಥಿತಿವಂತರಾದ ರೈತರು ಸುಮಾರು 4,500 ಮಂದಿ. ಮೊದಲ ಶತಮಾನಗಳಲ್ಲಿ ಅಲ್ಲಿ ಗುಲಾಮರಿದ್ದರು. ಹೆಂಗಸರು ಕೊಲೆಯ ದಾವೆಯನ್ನು ತಾವೇ ನಡೆಸುವಂತಿರಲಿಲ್ಲ. ಮುಖಂಡನನ್ನು ಬದಲಿಸುವ ಆ ಚೆಂದದ ಹಕ್ಕು ಇವರಿಗೆ ಇರಲಿಲ್ಲ.

ಹತ್ತಿರದ ಕಾಲಕ್ಕೆ ಬರೋಣ. 1991ರ ಜನವರಿಯಲ್ಲಿ ಸೋಮಾಲಿಯಾದ ಸರ್ವಾಧಿಕಾರಿ ಸಿಯಾದ್ ಬರ್ರೆ ಓಡಿಹೋದ ಮೇಲೆ ಆ ದೇಶದಲ್ಲಿ ವರ್ಷಗಟ್ಟಲೆ ಕೇಂದ್ರ ಸರ್ಕಾರವೇ ಇರಲಿಲ್ಲ. ಆದರೂ ದನ ಕುರಿ ವ್ಯಾಪಾರ ನಡೆಯಿತು. ಫೋನ್ ಕಂಪನಿಗಳು ಬೆಳೆದವು. ಇದು ಸಾಧ್ಯವಾದದ್ದು 'ಹೇರ್' ಎಂಬ ಹಳೆಯ ಕಟ್ಟಳೆಯಿಂದ. ಅದನ್ನು ಹೇಳುವವರು ಕುಲದ ಹಿರಿಯರು. ಒಬ್ಬ ತಪ್ಪು ಮಾಡಿದರೆ ಅವನ ಬಳಗವೆಲ್ಲ ಸೇರಿ ಪರಿಹಾರ ಕಟ್ಟಬೇಕು. ಕೊಲೆಗೆ ರೂಢಿಯಲ್ಲಿದ್ದ ಲೆಕ್ಕ 100 ಒಂಟೆ. ಬಳಗಕ್ಕೆ ಬರೆ ಬೀಳುವುದರಿಂದ ಬಳಗವೇ ತನ್ನ ಪುಂಡರನ್ನು ಹದ್ದಿನಲ್ಲಿಡುತ್ತದೆ. ಉತ್ತರದ ಸೋಮಾಲಿಲ್ಯಾಂಡ್‌ನಲ್ಲಿ 1993ರಲ್ಲಿ ಹಿರಿಯರು ಬೊರಾಮ ಎಂಬ ಊರಿನಲ್ಲಿ ತಿಂಗಳುಗಟ್ಟಲೆ ಕೂತು ಮಾತಾಡಿ ಶಾಂತಿ ತಂದರು. ಕೆಲವು ಅರ್ಥಶಾಸ್ತ್ರಜ್ಞರು ಇದನ್ನೆಲ್ಲ ನೋಡಿ, ಬರ್ರೆಯ ಕಾಲಕ್ಕಿಂತ ಸರ್ಕಾರವಿಲ್ಲದ ಕಾಲವೇ ಎಷ್ಟೋ ವಾಸಿ ಎಂದರು. ಬರ್ರೆಯ ಆಡಳಿತ ತನ್ನ ಜನರ ಊರುಗಳ ಮೇಲೆಯೇ ಬಾಂಬ್ ಹಾಕಿತ್ತು ಎಂಬುದನ್ನು ನೆನೆದರೆ ಆ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.

ಆದರೆ ಬಳಗದ ಬಲ ಇಲ್ಲದವರಿಗೆ? ದಕ್ಷಿಣದ ಜುಬ್ಬಾ ನದಿ ದಂಡೆಯಲ್ಲಿ ಬಂಟು ರೈತರಿದ್ದರು. ಇವರಲ್ಲಿ ಬಹಳ ಮಂದಿ ಹಿಂದೆ ಗುಲಾಮರಾಗಿ ಬಂದವರ ಮೊಮ್ಮಕ್ಕಳು, ಮರಿಮಕ್ಕಳು. ಬಂದೂಕು ಹಿಡಿದ ಕುಲಗಳ ಬೆಂಬಲ ಅವರಿಗೆ ಇರಲಿಲ್ಲ. 1991ರಲ್ಲೂ 1992ರಲ್ಲೂ ಸಶಸ್ತ್ರ ಗುಂಪುಗಳು ಅವರ ಕಣಜ ದೋಚಿದವು, ಕೊಂದವು, ಓಡಿಸಿದವು. ಆಗ ಬಿದ್ದ ಬರಗಾಲದಲ್ಲಿ ಇಂಥವರೇ ಹೆಚ್ಚು ಸತ್ತರು. ಪರಿಹಾರ ಕೇಳಲು ಅವರ ಪರವಾಗಿ ನಿಲ್ಲುವ ಹಿರಿಯರಿಗೆ ಬೆಲೆ ಇರಲಿಲ್ಲ. ಹೆಂಗಸಿನ ಜೀವಕ್ಕೆ ಆ ಕಟ್ಟಳೆಯಲ್ಲಿ 50 ಒಂಟೆ.

ಸ್ಪೇನಿನ ಕಥೆ ಬೇರೆ ಬಗೆಯದು, ಚಿಕ್ಕದು. 1936ರ ಜುಲೈನಲ್ಲಿ ಬಾರ್ಸಿಲೋನಾದಲ್ಲಿ ಸರ್ಕಾರವೇ ಬೇಡ ಎನ್ನುವ ಕಾರ್ಮಿಕರು ನಗರದ ಟ್ರಾಮ್, ಕಾರ್ಖಾನೆಗಳನ್ನು ತಾವೇ ನಡೆಸಿ ತೋರಿಸಿದರು. ಕೆಲವೇ ದಿನದಲ್ಲಿ ಟ್ರಾಮ್ ಓಡಿತು. ಆದರೆ ಹೊರಗೆ ಅಂತರ್ಯುದ್ಧ. ನವೆಂಬರ್‌ನಲ್ಲಿ ಅವರದೇ ಸಂಘಟನೆಯ ನಾಲ್ವರು ಮ್ಯಾಡ್ರಿಡ್ ಸರ್ಕಾರದಲ್ಲಿ ಮಂತ್ರಿಗಳಾದರು. ಒಂದು ವರ್ಷ ತುಂಬುವ ಮೊದಲೇ ಆ ಪ್ರಯೋಗದ ಬೆನ್ನು ಮುರಿದಿತ್ತು. ಟ್ರಾಮ್ ಓಡಿಸುವುದು ಬೇರೆ, ಯುದ್ಧ ಎದುರಿಸುವುದು ಬೇರೆ. ಐಸ್‌ಲ್ಯಾಂಡಿಗೆ ಸುತ್ತಲಿನ ಸಮುದ್ರವೇ ಕೋಟೆಯಾಗಿತ್ತು.

ಇಷ್ಟು ದೂರದ ಉದಾಹರಣೆ ಯಾಕೆ ಎನ್ನುವವರು ನಮ್ಮ ಕೆರೆಗಳನ್ನು ನೋಡಬಹುದು. ಕೋಲಾರ, ತುಮಕೂರು ಕಡೆ ಕೆರೆಯ ತೂಬು ಎತ್ತುವ, ಇಳಿಸುವ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ಕೆಲಸ ನೀರುಗಂಟಿಯದು. ಸರ್ಕಾರಿ ಎಂಜಿನಿಯರ್ ಬರುವ ಮೊದಲಿನಿಂದಲೂ ಇದ್ದ ಕೆಲಸ ಅದು. ಕೂಲಿ ಸುಗ್ಗಿಯಲ್ಲಿ ಕಣದಲ್ಲೇ, ಧಾನ್ಯದ ರೂಪದಲ್ಲಿ. ನೀರು ಕಡಿಮೆಯಾದ ವರ್ಷ ಯಾವ ಗದ್ದೆಗೆ ಎಷ್ಟು ಎಂಬುದು ಊರಿನಲ್ಲೇ ತೀರ್ಮಾನವಾಗುತ್ತಿತ್ತು. ಸ್ಪೇನಿನ ವೆಲೆನ್ಸಿಯಾದಲ್ಲಿ ಕಾಲುವೆ ರೈತರೇ ಆರಿಸಿದವರು ಪ್ರತಿ ಗುರುವಾರ ಮಧ್ಯಾಹ್ನ ದೊಡ್ಡ ಚರ್ಚಿನ ಬಾಗಿಲಲ್ಲಿ ಕೂತು ನೀರಿನ ಜಗಳ ತೀರಿಸುತ್ತಾರೆ. ವಕೀಲರಿಲ್ಲ, ಎಲ್ಲವೂ ಬಾಯಿಮಾತಿನಲ್ಲೇ. ನೂರಾರು ವರ್ಷ ಹಳೆಯ ಆ ನ್ಯಾಯಾಲಯ ಇವತ್ತಿಗೂ ನಡೆಯುತ್ತಿದೆ.

ಇಂಥ ಕೆರೆ, ಕಾಲುವೆ, ಕಾಡು, ಮೀನುಗಾರಿಕೆಗಳನ್ನು ಹತ್ತಾರು ದೇಶಗಳಲ್ಲಿ ಅಧ್ಯಯನ ಮಾಡಿದವರು ಎಲಿನೋರ್ ಆಸ್ಟ್ರಮ್. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ಎಲ್ಲರಿಗೂ ಸೇರಿದ ಆಸ್ತಿಯನ್ನು ಸರ್ಕಾರವೋ ಖಾಸಗಿಯವರೋ ವಹಿಸಿಕೊಳ್ಳದಿದ್ದರೆ ಹಾಳಾಗುತ್ತದೆ ಎಂಬ ಮಾತು ತಪ್ಪು ಎಂದು ಅವರು ತೋರಿಸಿದರು. ಜೊತೆಗೆ ಯಾವಾಗ ನಡೆಯುತ್ತದೆ ಎಂಬುದನ್ನೂ ಹೇಳಿದರು: ಯಾರು ಒಳಗಿನವರು ಎಂಬುದು ಸ್ಪಷ್ಟವಿರಬೇಕು, ನಿಯಮ ಮಾಡುವುದರಲ್ಲಿ ಬಳಸುವವರದೇ ಮಾತಿರಬೇಕು, ಒಬ್ಬರ ಮೇಲೊಬ್ಬರ ಕಣ್ಣಿರಬೇಕು, ಮೊದಲ ತಪ್ಪಿಗೆ ಸಣ್ಣ ದಂಡ, ಮತ್ತೆ ಮಾಡಿದರೆ ದೊಡ್ಡದು. ಜನ ತಾವೇ ಹಾಕಿಕೊಂಡ ನಿಯಮಗಳಿಗೆ ಮೇಲಿನ ಸರ್ಕಾರ ಅಡ್ಡಗಾಲು ಹಾಕಬಾರದು ಎಂಬುದೂ ಅವರ ಪಟ್ಟಿಯಲ್ಲಿದೆ.

ಗಾಂಧೀಜಿಗೆ ಹಿಡಿಸಿದ್ದು ಈ ಬಗೆಯ ಬದುಕು. ಪ್ರತಿಯೊಬ್ಬನೂ ತನ್ನನ್ನು ತಾನೇ ಆಳಿಕೊಳ್ಳುವ, ಅರಿವುಳ್ಳ ಅರಾಜಕತೆಯೇ ಆದರ್ಶ ಎಂದು ಅವರು ಬರೆದರು. ಅಂಬೇಡ್ಕರ್ ಒಪ್ಪಲಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ, ಹಳ್ಳಿಯೆಂದರೆ ಸಂಕುಚಿತತನದ ಕೊಂಪೆ ಎಂದು ಖಡಾಖಂಡಿತವಾಗಿ ಹೇಳಿದರು. ಊರೇ ಊರನ್ನು ಆಳಿಕೊಳ್ಳುವಾಗ ಊರ ಹೊರಗೆ ಕೇರಿಯಲ್ಲಿ ಇದ್ದವರಿಗೆ ಏನಾಯಿತು ಎಂಬುದನ್ನು ಅವರು ಮೈಮೇಲೆ ಅನುಭವಿಸಿದ್ದರು. ನಮ್ಮ ನೀರುಗಂಟಿಗಳಲ್ಲೂ ಹಲವರು ದಲಿತರು. ಇಡೀ ಊರಿನ ಗದ್ದೆಗೆ ನೀರು ಹಂಚುತ್ತಿದ್ದ ಕೈ ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ.

ಸರ್ಕಾರ ಇಲ್ಲದೆ ಸಮಾಜ ನಡೆಯುತ್ತದಾ ಎಂದರೆ, ನಡೆದಿದೆ ಎಂದೇ ನಾನು ಹೇಳುತ್ತೇನೆ. ಚಿಕ್ಕದಾಗಿದ್ದಾಗ, ಮುಖ ಪರಿಚಯ ಇದ್ದಾಗ, ಬಿಟ್ಟು ಹೋಗುವ ದಾರಿ ಇದ್ದಾಗ ಚೆನ್ನಾಗಿಯೇ ನಡೆದಿದೆ. ಆದರೆ ಅಧಿಕಾರವೇ ಇಲ್ಲದ ಸಮಾಜ ನನಗೆ ಎಲ್ಲೂ ಕಂಡಿಲ್ಲ. ಸರ್ಕಾರ ಖಾಲಿ ಮಾಡಿದ ಜಾಗದಲ್ಲಿ ಕುಲ ಕೂರುತ್ತದೆ, ಜಾತಿ ಕೂರುತ್ತದೆ, ಹಣವಿದ್ದ ಮನೆತನ ಕೂರುತ್ತದೆ. ಅದಕ್ಕೆ ಕಚೇರಿ ಇಲ್ಲ, ಫಲಕ ಇಲ್ಲ, ಅರ್ಜಿ ಕೊಡಲು ಕಿಟಕಿಯೂ ಇಲ್ಲ. ಬಳಗವಿದ್ದವನಿಗೆ ಸರ್ಕಾರ ಇಲ್ಲದಿರುವುದು ಸ್ವಾತಂತ್ರ್ಯದಂತೆ ಕಾಣಬಹುದು. ಯಾರೂ ಇಲ್ಲದವನಿಗೆ ದೂರದಲ್ಲಿರುವ, ತನ್ನ ಹೆಸರೂ ಗೊತ್ತಿಲ್ಲದ ಒಂದು ಕಾನೂನೇ ಎಷ್ಟೋ ಸಲ ಬಳಗ. ಸರ್ಕಾರಗಳು ಮಾಡುವ ಕ್ರೌರ್ಯ ಗೊತ್ತಿದ್ದೂ ನಾನು ಕೊನೆಗೆ ಅದರ ಕಡೆಗೇ ವಾಲುವುದು ಈ ಒಂದು ಕಾರಣಕ್ಕೆ.

ಆ ಕಾನೂನೂ ಒಂಟಿಯಾಗಿ ಗೆಲ್ಲುವುದಿಲ್ಲ. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕು ಎಂದು ಬಾಂಬೆ ಶಾಸನ ಸಭೆ ನಿರ್ಣಯ ಮಾಡಿದ್ದು 1923ರಲ್ಲಿ. ಮಹಾಡ್ ಪುರಸಭೆ ತನ್ನ ಚವದಾರ್ ಕೆರೆ ಎಲ್ಲರಿಗೂ ತೆರೆದಿದೆ ಎಂದು 1924ರಲ್ಲಿ ಹೇಳಿತು. ಆದರೂ ಒಬ್ಬ ದಲಿತನೂ ಇಳಿಯಲಾಗಲಿಲ್ಲ, ಊರಿನ ಬರೆಯದ ಕಟ್ಟಳೆ ಬಿಡಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಡನೆ ಕೆರೆಗೆ ನಡೆದು ಹೋಗಿ ನೀರು ಕುಡಿದರು. ಅದೇ ದಿನ ಅವರ ಜನರ ಮೇಲೆ ಹಲ್ಲೆಯಾಯಿತು. ಕೆರೆಗೆ ಮೈಲಿಗೆಯಾಯಿತೆಂದು ಶುದ್ಧಿಯನ್ನೂ ಮಾಡಿದರು. ಆಮೇಲೆ ಕೋರ್ಟಿನ ದಾವೆ ವರ್ಷ ವರ್ಷ ಎಳೆಯಿತು. ಆ ನೀರಿನ ಮೇಲೆ ಅವರಿಗೂ ಹಕ್ಕಿದೆ ಎಂದು ಬಾಂಬೆ ಹೈಕೋರ್ಟ್ ತೀರ್ಪು ಕೊಟ್ಟಾಗ 1937ರ ಮಾರ್ಚ್. ಒಂದು ಬೊಗಸೆ ನೀರಿಗೆ ಹತ್ತು ವರ್ಷ.